ತಿದ್ದಿಸುವ ಕೈ

ನೀಲಾಂಬಿಕಾ ಪಾಟಿಯ ಮೇಲೆ ಬೆರಳಾಡಿಸಿ ‘ನೀ’ ಎಂದು ಬರೆದಳು. ಪರದೆಯಲ್ಲಿ ಒಂದು ಬೇವಿನ ಮರ ಮೂಡಿತು, ಅದರ ಟೊಂಗೆಗೆ ಪಂಚಮಿಯ ಜೋಕಾಲಿ, ಅದರ ಕೆಳಗೆ ಅವಳೇ ಹಿಂದೊಮ್ಮೆ ಬರೆದಿಟ್ಟಿದ್ದ ಮಾತು: ‘ಬಾ ಪುಟ್ಟಾ, ಇಲ್ಲಿ ಹೆದರಿಕೆ ಇಲ್ಲ.’

ಅದು ಮಕ್ಕಳ ಅಂಗಳ. ಹಾಡು, ಕಥೆ, ಬಣ್ಣ ತುಂಬುವ ಚಿತ್ರ, ಅಲ್ಲಿರುವುದು ಇಷ್ಟೇ. ದೊಡ್ಡವರು ಬರೆದರೆ ಕಂಪ್ಯೂಟರು ‘ಒಳಗೆ ಬನ್ನಿ’ ಎಂದು ಮನೆಯ ಬೀಗ, ಬ್ಯಾಂಕು, ಔಷಧ, ಹೊರಗಿನವರ ಜೊತೆಗಿನ ಮಾತುಕತೆ ಎಲ್ಲವನ್ನೂ ತೆರೆದಿಡಬೇಕು. ನೀಲಾಂಬಿಕಾಗೆ ನಲವತ್ನಾಲ್ಕು ವರ್ಷ. ಮೇಲಾಗಿ ಆ ಕಾವಲನ್ನು ಕಟ್ಟಿದವಳೇ ಅವಳು. ಮನೆ ಕಟ್ಟಿದ ಗೌಂಡಿಯನ್ನೇ ಬಾಗಿಲಲ್ಲಿ ನಿಲ್ಲಿಸಿ ‘ನೀನ್ಯಾರು’ ಎಂದು ಕೇಳಿದ ಹಾಗಾಯಿತು.

“ಏನಾತು?” ಎಂದು ಗಂಡ ವೀರೇಶ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಇಣುಕಿದ. ಅವನು ಧಾರವಾಡದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವವನು.

“ನನ್ನನ್ನ ಕೂಸು ಅಂತ ತಿಳಕೊಂಡೈತಿ ನೋಡ್ರಿ ಇದು.”

“ನಾ ಇಷ್ಟ್ ವರ್ಷದಿಂದ ಹೇಳಾಕತ್ತಿದ್ದು ಮಷೀನಿಗರ ತಿಳೀತಲ್ಲ!” ಎಂದು ಅವನು ನಕ್ಕ.

ಅವಳೂ ನಕ್ಕಳು. ಇಂಥ ದೂರುಗಳು ಆ ತಿಂಗಳು ಪ್ರಯೋಗಾಲಯದಲ್ಲಿ ರಾಶಿ ಬಿದ್ದಿದ್ದವು. ಕಾವಲು ಮನೆಮನೆಗೆ ಹೋಗಿ ವರ್ಷವಾಗಿರಲಿಲ್ಲ, ಆಗಲೇ ಮೀಸೆ ಬಂದ ಗಂಡಸರನ್ನೆಲ್ಲ ಅದು ಜೋಕಾಲಿ ಆಡಲು ಕರೆಯುತ್ತಿತ್ತು. ತನ್ನ ಮನೆಯದೂ ಅದೇ ರೋಗ ಎಂದುಕೊಂಡು ಅವಳು ಚೀಲ ಹೆಗಲಿಗೇರಿಸಿದಳು.

ಆ ಕಾವಲಿನ ಹೆಸರು ‘ಹೊಸ್ತಿಲು’. ಅದು ಹುಟ್ಟಿದ್ದು ಒಂದು ಸಂಕಟದಿಂದ. ನೀಲಾಂಬಿಕಾಳ ತಂಗಿಯ ಮಗಳು ಗಿರಿಜಾ ಇನ್ನೂ ಹಾಲುಹಲ್ಲಿನ ಹುಡುಗಿ. ಅವ್ವನ ಬೆನ್ನ ಹಿಂದೆ ನಿಂತು ಪಾಸ್‌ವರ್ಡ್ ನೋಡಿಕೊಂಡಿದ್ದಳು. ಮಧ್ಯಾಹ್ನ ಮನೆಯವರು ಅಡ್ಡಾದಾಗ ಕಂಪ್ಯೂಟರ್ ತೆರೆದು ಯಾರೋ ಒಬ್ಬ ‘ಮಾಮಾ’ನ ಜೊತೆ ಮಾತಾಡುತ್ತಿದ್ದಳು. ಒಂದು ದಿನ ಆ ಮಾಮಾ ಓಣಿಗೇ ಬಂದ. ಪೊಲೀಸರು ಮಗುವನ್ನು ಹುಡುಕಿ ತಂದರು, ನಿಜ. ಆದರೆ ಹೋದ ಗಿರಿಜಾ ತಿರುಗಿ ಬರಲಿಲ್ಲ. ಬಂದದ್ದು ಯಾರ ಕಣ್ಣನ್ನೂ ನೋಡದ, ಮಾತೇ ಆಡದ ಇನ್ನೊಂದು ಹುಡುಗಿ. ಅವಳನ್ನು ನೋಡಿಕೊಂಡು ಬಂದ ದಿನ ನೀಲಾಂಬಿಕಾ ಊಟ ಮಾಡಲಿಲ್ಲ.

ಪಾಸ್‌ವರ್ಡ್ ಮಕ್ಕಳಿಗೆ ಬೇಲಿಯಲ್ಲ. ಬೆರಳಚ್ಚು ಇಟ್ಟರೆ ನಿದ್ದೆಹೋದ ಅಪ್ಪನ ಹೆಬ್ಬೆರಳನ್ನೇ ಒತ್ತಿಸುತ್ತವೆ. ಮುಖದ ಗುರುತು ಇಟ್ಟರೆ ‘ಅವ್ವಾ, ಇಲ್ಲಿ ನೋಡು’ ಎಂದು ಕೂಗಿ ಕೆಲಸ ಮುಗಿಸುತ್ತವೆ. ನಾವು ಚಾಪೆ ಕೆಳಗೆ ತೂರಿದರೆ ಅವು ರಂಗೋಲಿ ಕೆಳಗೆ ತೂರುವ ಜಾತಿ. ಹಾಗಾದರೆ ಮಗು ಕದಿಯಲಾಗದ್ದು ಯಾವುದು? ಈ ಒಂದು ಪ್ರಶ್ನೆಯನ್ನು ನೀಲಾಂಬಿಕಾ ವರ್ಷಗಟ್ಟಲೆ ಅರೆದಳು. ಉತ್ತರ ಸಿಕ್ಕದ್ದು ಕೈಯಲ್ಲಿ.

ದೊಡ್ಡವರ ಕೈ ಅಕ್ಷರದ ತಿರುವಿಗೆ ಬರುವ ಮೊದಲೇ ತಿರುಗಲು ಸಿದ್ಧವಾಗಿರುತ್ತದೆ. ಮಗುವಿನ ಕೈ ತಿರುವಿಗೆ ಬಂದು, ದಾಟಿ, ತಪ್ಪಿತೆಂದು ತಿಳಿದ ಮೇಲೆ ತಿರುಗುತ್ತದೆ. ಮಿದುಳಿನಲ್ಲಿ ಮುಂದಾಲೋಚನೆ ಮಾಗುವುದಕ್ಕೂ ಬೆರಳಿನ ಈ ಮುಂದಾಲೋಚನೆಗೂ ನಂಟಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಈ ವ್ಯತ್ಯಾಸವನ್ನು ಪಾಟಿಯಂಥ ಒಂದು ಗಾಜಿನ ಹಲಗೆ ಅಳೆಯಬಲ್ಲದು ಎಂದು ಅವಳು ತೋರಿಸಿಕೊಟ್ಟಳು. ಜನ ಅದನ್ನು ಪಾಟಿಯೆಂದೇ ಕರೆದರು. ಏನು ಬರೆಯುತ್ತೀರಿ ಎಂಬುದು ಅದಕ್ಕೆ ಬೇಡ. ಅತ್ತೆ ಗುರುಸಿದ್ದವ್ವ ಓದು ಬಾರದವಳು, ರಂಗೋಲಿಯ ಒಂದು ಎಳೆ ಎಳೆದೇ ಒಳಗೆ ಹೋಗುತ್ತಿದ್ದಳು. ಅವಳ ಕೈ ನಡುಗುತ್ತಿತ್ತು, ಆದರೆ ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಗೊತ್ತಿತ್ತು.

ಬರೆಯುವ ಕೈ ಯಾರದು ಎಂಬುದೂ ಹೊಸ್ತಿಲಿಗೆ ತಿಳಿಯುತ್ತಿರಲಿಲ್ಲ. ನೀಲಾಂಬಿಕಾಳ ಹಟ ಅದು. ಮನೆಮನೆಯವರ ಗುರುತು ಕೂಡಿಟ್ಟರೆ ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ಬಹಳ ದಿನ ಬೇಡ ಎಂದು ಅವಳು ಎಲ್ಲರ ಜೊತೆ ಜಗಳಾಡಿದ್ದಳು. ಒಂದು ಗೆರೆ, ಮೇಲೆ ದೊಡ್ಡವರು, ಕೆಳಗೆ ಮಕ್ಕಳು. ಹೆಸರಿಲ್ಲ, ಮುಖವಿಲ್ಲ, ಯಾರಿಗೂ ರಿಯಾಯಿತಿ ಇಲ್ಲ.

ಪ್ರಯೋಗಾಲಯದಲ್ಲಿ ಇರ್ಫಾನ್ ನದಾಫ್ ಗೋಡೆಯ ಪರದೆಯ ತುಂಬ ಮನೆಮನೆಯ ಗೆರೆಗಳನ್ನು ಹರಡಿಕೊಂಡು ಕೂತಿದ್ದ. ಅವಳ ಕೈಕೆಳಗೆ ಕಲಿತ ಎಂಜಿನಿಯರು, ಈಗ ಅವಳಿಗೇ ಸಲಹೆ ಕೊಡುವಷ್ಟು ಬೆಳೆದವನು.

“ಮೇಡಂ, ಒಂದು ಚಮತ್ಕಾರ ನೋಡ್ರಿ. ಹೊರದೇಶದಾಗ ಪರೀಕ್ಷೆಗಂತ ಕೊಟ್ಟಿದ್ವಲ್ರಿ, ಅಲ್ಲಿಂದ ಒಂದೂ ದೂರಿಲ್ಲ. ಎಲ್ಲಾ ನಮ್ಮ ಕಡೀ ಮನಿಯವರದ. ನಮ್ಮ ಜನರ ಕೈಯಾಗ ಏನರ ಐಬ್ ಐತೇನ್ರಿ?”

“ಕೈ ಹಂಗಿರ್ಲಿ. ಗೆರಿ ಎಲ್ಲೈತಿ?”

“ಭಾಳ ಮ್ಯಾಲ ಕುಂತೈತ್ರಿ. ದೊಡ್ಡವರ ಕೈ ಒಮ್ಮೆ ದಾಟತೈತಿ, ಒಮ್ಮೆ ಇಲ್ಲ.”

ಗೆರೆ ಎಲ್ಲಿರಬೇಕೆಂದು ಪ್ರತಿ ಮನೆಯಲ್ಲೂ ಹೊಸ್ತಿಲು ತಾನೇ ತೀರ್ಮಾನಿಸುತ್ತದೆ. ಯಂತ್ರ ಕೂರಿಸಿದ ದಿನ ಆ ಮನೆಯ ಮಗುವಿನಿಂದ ಪಾಟಿಯ ಮೇಲೆ ಒಂದಷ್ಟು ಬರೆಸುತ್ತಾರೆ. ಆ ಕೈಗಿಂತ ಹಲವು ವರ್ಷ ಮೇಲೆ ಗೆರೆ ಬೀಳುತ್ತದೆ. ಗೆರೆ ಅಷ್ಟು ಮೇಲೆ ಹೋಗಿದೆ ಎಂದರೆ ನಮ್ಮ ಮಕ್ಕಳು ದೊಡ್ಡವರ ಹಾಗೆ ಬರೆದಿದ್ದಾರೆ ಎಂದೇ ಅರ್ಥ. ಅದು ಹೇಗೆ ಸಾಧ್ಯ? ಇಬ್ಬರೂ ತಲೆ ಕೆರೆದುಕೊಂಡರು.

ಗುಟ್ಟು ಹೊರಬಿದ್ದದ್ದು ಅಡುಗೆಮನೆಯ ಬಾಗಿಲಲ್ಲಿ. ಸಂಜೆ ನೀಲಾಂಬಿಕಾ ಚಹಾ ಸೋಸುತ್ತಿದ್ದಳು. ಐದು ವರ್ಷದ ಮಗಳು ಮುಕ್ತಾ ಬೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬಟ್ಟೆಯ ಕೈಯನ್ನು ತನ್ನ ಮುಷ್ಟಿಯಲ್ಲಿ ಹಿಡಿದು ನೆಲದ ಮೇಲೆ ತಿದ್ದಿಸುತ್ತಿದ್ದಳು.

“ಹಿಂಗ ಬರೀಬೇಕವಾ. ಕೈ ಸಡಿಲ ಬಿಡು. ನಾ ಹಿಡದೀನಲ್ಲ.”

“ಇದನ್ನ ಯಾರು ಕಲಿಸಿದ್ರು ನಿನಗ?”

“ಆಯಿ. ಪಾಟಿ ಪೂಜಾ ಮಾಡಿದ ದಿನ ನನ್ನ ಕೈ ಹಿಂಗ ಹಿಡದಿದ್ಲು.”

ಆಯಿ ಎಂದರೆ ಅಜ್ಜಿ, ಗುರುಸಿದ್ದವ್ವ. ಅವಳಿಗೆ ಓದು ಬಾರದಿದ್ದರೇನು, ಮೊಮ್ಮಗಳು ಮೊದಲ ಸಲ ಪಾಟಿ ಮುಟ್ಟುವಾಗ ಶಾಸ್ತ್ರ ಬಿಡಲಾಗುತ್ತದೆಯೇ? ಪಾಟಿಗೆ ವಿಭೂತಿ ಹಚ್ಚಿ, ಹೂವೇರಿಸಿ, ಬೆಲ್ಲದ ಚೂರಿಟ್ಟು, ಮಗುವಿನ ಕೈ ಹಿಡಿದು ಒಂದು ಸುತ್ತು ತಿದ್ದಿಸಿದ್ದಳು. ತಲೆತಲಾಂತರದಿಂದ ನಮ್ಮಲ್ಲಿ ಮಗುವಿನ ಮೊದಲ ಬರಹ ಹಿರಿಯರ ಕೈಯೊಳಗೇ ಆಗುವುದು. ಓಣಿಯ ಪ್ರತಿ ಮನೆಯಲ್ಲೂ ಹಾಗೆಯೇ ಆಗಿತ್ತು. ಹೊಸ್ತಿಲು ಅಳೆದದ್ದು ಮಗುವಿನ ಕೈಯನ್ನಲ್ಲ, ಅಜ್ಜಿಯ ಕೈಯೊಳಗಿನ ಮಗುವಿನ ಕೈಯನ್ನು.

“ಅತ್ತೀ! ಇಡೀ ರಾಜ್ಯದ ದೂರು ನಿಮ್ಮಿಂದ ಬಗಿಹರೀತು ನೋಡ್ರಿ,” ಎಂದು ನೀಲಾಂಬಿಕಾ ಅತ್ತೆಯ ಕೈ ಹಿಡಿದು ಕುಣಿಸಿದಳು.

“ನಾ ಏನ್ ತಪ್ಪ್ ಮಾಡೇನಿ? ಕೂಸಿನ ಕೈ ಹಿಡೀಲಾರದ ಬರೀ ಅಂದ್ರ ಅದು ಹೆಂಗ ಬರೀತೈತಿ?” ಎಂದು ಮುದುಕಿ ಸಿಡುಕಿದಳು.

ಆ ಮಾತು ನೀಲಾಂಬಿಕಾಳ ಮನಸ್ಸಿನಲ್ಲಿ ಕೂತಿತು. ಕೈ ಹಿಡಿಯಬೇಡಿ ಎಂದು ಜನರಿಗೆ ಹೇಳುವ ಬದಲು ಅವಳು ಹಿಡಿದ ಕೈಯನ್ನೇ ಹೊಸ್ತಿಲಿಗೆ ಕಲಿಸಿದಳು. ಎರಡು ಕೈ ಕೂಡಿದ್ದನ್ನು ಅದು ಈಗ ಬೇರೆಯಾಗಿ ಗುರುತಿಸಿತು. ಗೆರೆಯ ಮೇಲಿನ ಕೈ ಗೆರೆಯ ಕೆಳಗಿನ ಕೈಯನ್ನು ಹಿಡಿದು ತಿದ್ದಿಸಿದರೆ ಇಬ್ಬರಿಗೂ ಬಾಗಿಲು ತೆರೆಯುತ್ತದೆ, ಹಿಡಿದ ಕೈ ಪಾಟಿಯ ಮೇಲೆ ಇರುವ ತನಕ ಮಾತ್ರ. ಬಿಟ್ಟರೆ ಮುಚ್ಚುತ್ತದೆ. ಇರ್ಫಾನ್ ಅದನ್ನು ಮನೆಮನೆಗೆ ಕಳಿಸಿದ. ಮಕ್ಕಳು ಒಂಟಿಯಾಗಿ ಇನ್ನೊಮ್ಮೆ ಬರೆದರು, ಗೆರೆಗಳು ತಂತಮ್ಮ ಜಾಗಕ್ಕೆ ಇಳಿದವು, ದೂರುಗಳು ನಿಂತವು. ಪ್ರಯೋಗಾಲಯದಲ್ಲಿ ಎಲ್ಲರಿಗೂ ಗಿರಮಿಟ್ಟು, ಮಿರ್ಚಿ ಹಂಚಿದರು.

ನೀಲಾಂಬಿಕಾಳ ಮನೆಯಲ್ಲೂ ಬಾಗಿಲು ತೆರೆಯಿತು. ವೀರೇಶನಿಗೆ ತೆರೆಯಿತು, ಗುರುಸಿದ್ದವ್ವನಿಗೆ ತೆರೆಯಿತು, ಅವಳಿಗೂ ತೆರೆಯಿತು. ಆಮೇಲೊಂದು ಬೆಳಿಗ್ಗೆ ಮತ್ತೆ ಬೇವಿನ ಮರ ಮೂಡಿತು.

ನಿದ್ದೆ ಸಾಲದು ಎಂದುಕೊಂಡಳು. ಇನ್ನೊಮ್ಮೆ ನಿಧಾನವಾಗಿ ಬರೆದಳು, ತೆರೆಯಿತು. ಮರುದಿನ ಮೊದಲ ಸಲಕ್ಕೇ ತೆರೆಯಿತು. ಅದರ ಮರುದಿನ ಎಷ್ಟು ಬರೆದರೂ ಜೋಕಾಲಿ ತೂಗುತ್ತಲೇ ಇತ್ತು. ಅಷ್ಟರಲ್ಲಿ ಇನ್ನೂ ಕೆಲವು ಸಣ್ಣ ಸಂಗತಿಗಳು ಅವಳ ಗಮನಕ್ಕೆ ಬಂದಿದ್ದವು. ಸೀರೆಯ ನೆರಿಗೆ ಹಿಡಿಯುವಾಗ ನಡುವೆ ಕೈ ನಿಂತುಬಿಡುತ್ತಿತ್ತು. ರೊಟ್ಟಿ ಬಡಿಯುವಾಗ ಮುಂದಿನ ಏಟು ಎಲ್ಲಿಗೆ ಎಂದು ಯೋಚಿಸಬೇಕಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ.

ಒಂದು ದಿನ ಪ್ರಯೋಗಾಲಯದ ಪಾಟಿಯ ಮೇಲೆ ಬರೆದು, ಯಾರ ಬರಹವೆಂದು ಹೇಳದೆ, ಅದರ ಅಳತೆಯ ನಕ್ಷೆಯನ್ನು ಇರ್ಫಾನನ ಮುಂದೆ ಇಟ್ಟಳು.

“ಇದು ಎಷ್ಟ್ ವಯಸ್ಸಿನ ಕೈ?”

ಅವನು ಕಣ್ಣು ಕಿರಿದು ಮಾಡಿ ನೋಡಿದ. “ಏಳೋ ಎಂಟೋ ಇರ್ಬೇಕ್ರಿ. ತಿರುವು ದಾಟಿದ ಮ್ಯಾಲ ತಿರುಗೈತಿ. ಯಾರ ಕೂಸ್ರಿ ಮೇಡಂ?”

ಅವಳ ಮುಖ ನೋಡಿ ಇರ್ಫಾನನಿಗೆ ತಿಳಿಯಿತು. ಅವನು ಎದ್ದು ನಿಂತ, ಮತ್ತೆ ಕೂತ. “ದಣಿವಿರ್ಬೇಕ್ರಿ... ಪಾಟೀನ ಕೆಟ್ಟಿರ್ಬೇಕ್ರಿ,” ಎಂದ. ಪಾಟಿ ಕೆಟ್ಟಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವನು ಹೊರಗೆ ಹೋದ ಮೇಲೆ ನೀಲಾಂಬಿಕಾ ಮಾಡಬಾರದ ಕೆಲಸವೊಂದನ್ನು ಮಾಡಿದಳು. ಯಾವ ಮನೆಯ ಗೆರೆಯನ್ನಾದರೂ ಏರಿಸಿ ಇಳಿಸುವ ಅಧಿಕಾರ ಅವಳಿಗಿತ್ತು. ತನ್ನ ಮನೆಯ ಗೆರೆಯನ್ನು ಸ್ವಲ್ಪ ಕೆಳಗೆ ಎಳೆದಳು. ತನ್ನೊಬ್ಬಳಿಗೆ ಎಂದು ಇಳಿಸುವ ಹಾಗಿರಲಿಲ್ಲ, ಹೊಸ್ತಿಲಿಗೆ ಹೆಸರೇ ಗೊತ್ತಿಲ್ಲವಲ್ಲ. ಮುಕ್ತಾ ಇನ್ನೂ ಐದು ವರ್ಷದವಳು, ಆ ಗೆರೆಗೂ ಅವಳ ಕೈಗೂ ಬೇಕಾದಷ್ಟು ಅಂತರವಿದೆ ಎಂದು ಸಮಾಧಾನ ಹೇಳಿಕೊಂಡಳು. ಮನೆಗೆ ಹೋಗಿ ಬರೆದಳು. ‘ಒಳಗೆ ಬನ್ನಿ’ ಎಂದಿತು. ಎಷ್ಟು ಹಗುರಾಯಿತು ಜೀವ! ಆ ಸಂಜೆ ಹಾಡು ಗುನುಗುತ್ತ ಮಗಳಿಗೆ ಜಡೆ ಹಾಕಿದಳು.

ಗೆರೆ ಒಮ್ಮೆ ಇಳಿಸಿದರೆ ಸಾಲಲಿಲ್ಲ. ವಾರ ಕಳೆದಂತೆ ಅವಳ ಕೈ ಇಳಿಯಿತು, ಅದರ ಹಿಂದೆಯೇ ಗೆರೆಯೂ ಇಳಿಯಿತು. ಆ ಕಡೆ ಮುಕ್ತಾಳ ಕೈ ದಿನದಿನಕ್ಕೆ ಪಳಗುತ್ತ ಮೇಲೇರುತ್ತಿತ್ತು. ಅದನ್ನು ಲೆಕ್ಕ ಹಾಕಬೇಕಾದವಳು ಲೆಕ್ಕ ಹಾಕದೆ ಕಣ್ಣು ಮುಚ್ಚಿಕೊಂಡಳು.

ಅವತ್ತು ತಲೆನೋವೆಂದು ನಡುಮಧ್ಯಾಹ್ನ ಮನೆಗೆ ಬಂದಳು. ಪಡಸಾಲೆಯಲ್ಲಿ ಅತ್ತೆ ನಿದ್ದೆ ಹೋಗಿದ್ದಳು. ಒಳಕೋಣೆಯಿಂದ ಮುಕ್ತಾಳ ದನಿ.

“ಆಯಿ ಮಲ್ಗ್ಯಾಳ. ಅವ್ವ ಸಂಜೀಕ ಬರ್ತಾಳ. ಕೀಲಿ ಎಲ್ಲಿಡ್ತಾರ ನನಗ ಗೊತ್ತೈತಿ. ಹೇಳ್ಲಿ?”

ಪರದೆಯಿಂದ ಗಂಡಸಿನ ದನಿ, ಮೃದುವಾಗಿ, “ಹೇಳು ಬಂಗಾರಾ” ಎಂದಿತು.

ನೀಲಾಂಬಿಕಾ ಓಡಿಹೋಗಿ ತಂತಿಯನ್ನು ಕಿತ್ತೆಸೆದಳು. ಮಗಳನ್ನು ಅವಚಿಕೊಂಡು ನೆಲಕ್ಕೆ ಕುಸಿದಳು. ಮುಕ್ತಾಗೆ ಏನೂ ಅರ್ಥವಾಗಲಿಲ್ಲ. “ಮಾಮಾ ಛೊಲೋ ಅದಾನವಾ,” ಎಂದು ಅಳತೊಡಗಿದಳು. ಮಾಮಾ. ಗಿರಿಜಾಳ ಬಾಯಲ್ಲೂ ಅದೇ ಮಾತಿತ್ತು. ನೀಲಾಂಬಿಕಾಗೆ ತನ್ನ ಮೇಲೆ ಹೇಸಿಗೆಯಾಯಿತು. ಊರ ಮಕ್ಕಳಿಗೆಲ್ಲ ಹೊಸ್ತಿಲು ಕಟ್ಟಿದವಳು ತನ್ನ ಮಗುವಿನ ಮುಂದೆ ಅದನ್ನು ಕಿತ್ತು ಹಾಕಿದ್ದಳು, ತಾನು ದೊಡ್ಡವಳೆಂದು ಇನ್ನೊಂದಿಷ್ಟು ದಿನ ನಂಬುವುದಕ್ಕಾಗಿ.

ವೀರೇಶ ಬಂದಾಗ ಅವಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಎಲ್ಲವನ್ನೂ ಹೇಳಿದಳು. ನೆರಿಗೆ, ರೊಟ್ಟಿ, ಏಳೆಂಟು ವರ್ಷದ ಕೈ, ಗೆರೆ, ಮಾಮಾ. ಅವನು ಬಾಗಿಲ ಚೌಕಟ್ಟಿಗೆ ಆತುಕೊಂಡು ಕೇಳಿದ. ನಂತರ ಪೊಲೀಸರಿಗೆ ಫೋನು ಮಾಡಿದ, ಬೀಗ ಬದಲಿಸಲು ಜನರನ್ನು ಕರೆಸಿದ. ಅದೆಲ್ಲ ಮುಗಿದ ಮೇಲೆ ಬಂದು ಅವಳ ಪಕ್ಕ ಕೂತ.

“ಈಗ ಗೆರಿ ಮ್ಯಾಲ ಮಾಡತೇನಿ,” ಎಂದಳು. “ಮಾಡಿದ್ರ ನನಗ ಮುಚ್ಚತೈತಿ. ಬಹುಶಃ ಮತ್ತ ತೆರಿಯೂದಿಲ್ಲ.”

“ಮೊದಲ ಡಾಕ್ಟರ್ ಕಡೆ ಹೋಗೂಣಲ್ಲ ನೀಲಾ. ನಾಲ್ಕ್ ದಿನ ಕಂಪ್ಯೂಟರ್ ಬಂದ್ ಇಟ್ರಾತು. ಹಿಂಗ ಅವಸರ ಯಾಕ?”

“ನಾಲ್ಕ್ ದಿನ ತಡದ್ರ ನನಗ ಮಾಡೂ ಮನಸ್ಸ ಆಗೂದಿಲ್ಲರಿ. ನನ್ನ ನಾ ಬಲ್ಲೆ.”

ಅವಳು ಪಾಟಿಯ ಮೇಲೆ ಬರೆದು ಕೊನೆಯ ಸಲ ಒಳಗೆ ಹೋದಳು. ಗೆರೆಯನ್ನು ಮೊದಲಿದ್ದಲ್ಲಿಗೆ ಏರಿಸಿದಳು. ಹಾಗೆಯೇ ಗೆರೆ ಇಳಿಸುವ ತನ್ನ ಅಧಿಕಾರವನ್ನೂ ಅಳಿಸಿಹಾಕಿದಳು. ಹೊರಗೆ ಬಂದು ಮತ್ತೆ ‘ನೀ’ ಎಂದು ಬರೆದಳು. ಬೇವಿನ ಮರ, ಜೋಕಾಲಿ. ‘ಬಾ ಪುಟ್ಟಾ, ಇಲ್ಲಿ ಹೆದರಿಕೆ ಇಲ್ಲ.’ ಅವಳು ಬಿಕ್ಕಿಬಿಕ್ಕಿ ಅತ್ತಳು, ವೀರೇಶನೂ ಅತ್ತ.

ಹುಬ್ಬಳ್ಳಿಯ ಡಾಕ್ಟರಮ್ಮ ಮಿದುಳಿನ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. ಮುಂದಿನ ಹೆಜ್ಜೆಯನ್ನು ಮೊದಲೇ ಜೋಡಿಸಿಡುವ ಭಾಗ ಸೊರಗುತ್ತಿದೆ, ನಂತರ ನೆನಪು, ನಂತರ ಮಾತು ಎಂದರು. ನಿಧಾನ ಮಾಡಬಹುದು, ನಿಲ್ಲಿಸಲಾಗದು.

“ಇಷ್ಟ್ ಲಗೂ ಈ ಬ್ಯಾನಿಗೆ ಯಾರೂ ಬರೂದಿಲ್ರಿ. ನಿಮ್ಮನ್ನ ಯಾರು ಕಳಿಸಿದ್ರು?”

“ನನ್ನ ಮಷೀನು,” ಎಂದಳು ನೀಲಾಂಬಿಕಾ.

ಕೆಲಸವನ್ನು ಇರ್ಫಾನನಿಗೆ ಒಪ್ಪಿಸಿ ಮನೆಯಲ್ಲಿ ಕೂತಳು. ಅವನು ಆಗಾಗ ಬರುತ್ತಿದ್ದ. ಒಮ್ಮೆ ಅಳುಕುತ್ತ, “ನಿಮ್ಮೊಬ್ರಿಗೆ ಬ್ಯಾರೆ ಬಾಗಲಾ ಮಾಡಿಕೊಡ್ತೇನ್ರಿ, ಯಾರಿಗೂ ತಿಳಿಯೂದಿಲ್ಲ,” ಎಂದ. “ನನಗ ತೆರದ ಬಾಗಲಾದಾಗ ನಾಳೆ ಯಾರು ಬರ್ತಾರಂತ ನಿನಗ ಗೊತ್ತೈತೇನಪಾ?” ಎಂದಳು. ಅವನು ಮತ್ತೆ ಆ ಮಾತೆತ್ತಲಿಲ್ಲ.

ಬೇರೆ ದಾರಿ ಇತ್ತು, ಅವಳೇ ಮಾಡಿಟ್ಟದ್ದು. ಗುರುಸಿದ್ದವ್ವ ಎಷ್ಟೋ ಸಲ, “ಬಾರವಾ, ನಾ ಹಿಡೀತೇನಿ, ತಿದ್ದು,” ಎಂದು ಕೈ ಚಾಚಿದಳು. ವೀರೇಶ ಕರೆದ. ನೀಲಾಂಬಿಕಾ ಕೈಯನ್ನು ಸೆರಗಿನಲ್ಲಿ ಅಡಗಿಸಿಕೊಳ್ಳುತ್ತಿದ್ದಳು. “ನನ್ನ ಕೈ ಹಿಡೀಬ್ಯಾಡ್ರಿ.” ಬೇರೆಯವರ ಕೈಯೊಳಗಿಂದ ಬರೆಯುವಷ್ಟು ಸಣ್ಣವಳಾಗಲು ಅವಳ ಜೀವ ಒಪ್ಪಲಿಲ್ಲ. ಅತ್ತೆ ತೀರಿಕೊಂಡಳು. ಕೈ ಚಾಚುವವರಲ್ಲಿ ಒಬ್ಬರು ಕಡಿಮೆಯಾದರು.

ಅವ್ವನಿಗೆ ಬಾಗಿಲು ಮುಚ್ಚಿದ್ದಕ್ಕೆ ಖುಷಿಪಟ್ಟವಳು ಮುಕ್ತಾ ಒಬ್ಬಳೇ. ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಅವ್ವ ಮಕ್ಕಳ ಅಂಗಳದಲ್ಲಿ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಾಳೆ.

“ಅವ್ವಾ, ನೀನೂ ನಮ್ಮ ಕಡೇನ ಬಂದ್ಯಾ?”

“ಬಂದ್ನೆವ್ವಾ.”

“ಛೊಲೋ ಆತು! ಒಬ್ಬಾಕಿಗೇ ಬ್ಯಾಸರ ಬರ್ತಿತ್ತು,” ಎಂದು ಹುಡುಗಿ ಪಕ್ಕದಲ್ಲಿ ತೂರಿಕೊಂಡಳು. ವರ್ಷಗಟ್ಟಲೆ ಅವರಿಬ್ಬರೂ ಆ ಬೇವಿನ ಮರದ ಕೆಳಗೆ ಕಥೆ ಕೇಳಿದರು. ಮೊದಮೊದಲು ಕಥೆಯ ಅರ್ಥವನ್ನು ಅವ್ವ ಹೇಳುತ್ತಿದ್ದಳು. ಬರಬರುತ್ತ ಮಗಳು ಹೇಳುವಂತಾಯಿತು.

ಮುಕ್ತಾ ಹೈಸ್ಕೂಲು ಸೇರಿದ ವರ್ಷದ ಒಂದು ಭಾನುವಾರ ಎಂದಿನಂತೆ ಪಾಟಿಯ ಮೇಲೆ ‘ಮು’ ಎಂದು ಬರೆದಳು. ಮರ ಮೂಡಲಿಲ್ಲ. ‘ಒಳಗೆ ಬನ್ನಿ’ ಎಂದಿತು ಪರದೆ. ಅವಳು ಹಿಂದಕ್ಕೆ ತಿರುಗಿ ನೋಡಿದಳು, ಅಪ್ಪ ಬಂದು ನಿಂತಿದ್ದಾನೇನೋ ಎಂದು. ಅಲ್ಲಿ ಯಾರೂ ಇರಲಿಲ್ಲ. ಅವಳ ಕೈ ಯಾರ ಉಪಕಾರವೂ ಇಲ್ಲದೆ, ತಾನಾಗಿ ಬೆಳೆದು ಗೆರೆ ದಾಟಿತ್ತು. ಆ ಗೆರೆ ಅಲ್ಲೇ ನಿಂತಿರಲೆಂದು ಅವ್ವ ಏನು ಕೊಟ್ಟಳೆಂಬುದನ್ನು ಅಪ್ಪ ಅವಳಿಗೆ ಹೇಳಿದ್ದ.

ಒಳಗೆ ಎಷ್ಟೊಂದು ಕೋಣೆಗಳು! ಅದರಲ್ಲೊಂದರಲ್ಲಿ ಅವ್ವನ ಹಳೆಯ ದನಿ ಸಿಕ್ಕಿತು. ಯಾವುದೋ ಸಭೆಯಲ್ಲಿ ಹೊಸ್ತಿಲಿನ ಬಗ್ಗೆ ಮಾತಾಡಿದ್ದು. ದನಿ ಗಟ್ಟಿಯಾಗಿತ್ತು, ಚುರುಕಾಗಿತ್ತು, ನಡುವೆ ಒಂದು ನಗೆಯೂ ಇತ್ತು. ಅಂಥ ಅವ್ವನನ್ನು ಮುಕ್ತಾ ಮರೆತೇಬಿಟ್ಟಿದ್ದಳು. ಒಂದೇ ವಾಕ್ಯ ಕೇಳಿ ಅವಳು ಎಲ್ಲವನ್ನೂ ಮುಚ್ಚಿ ಎದ್ದಳು.

ನೀಲಾಂಬಿಕಾ ಹಿತ್ತಿಲ ಬಿಸಿಲಲ್ಲಿ ಕೂತಿದ್ದಳು. ಈಗ ಹೆಚ್ಚು ಮಾತಾಡುತ್ತಿರಲಿಲ್ಲ. ಮಗಳ ಹೆಸರು ಕೆಲವು ದಿನ ನೆನಪಿರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ.

“ಅವ್ವಾ, ಬಾ. ನಿನಗೊಂದು ತೋರಸ್ತೇನಿ.”

ಕಂಪ್ಯೂಟರಿನ ಮುಂದೆ ಕೂರಿಸಿ ಮುಕ್ತಾ ಕೈ ಚಾಚಿದಳು. ನೀಲಾಂಬಿಕಾಳ ಕೈ ಅಭ್ಯಾಸಬಲದಿಂದ ಸೆರಗಿನೊಳಗೆ ಸರಿಯಿತು. ಮುಕ್ತಾ ಎಳೆಯಲಿಲ್ಲ, ಒತ್ತಾಯಿಸಲಿಲ್ಲ. ಚಾಚಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ಕಾದಳು.

“ಕೈ ಸಡಿಲ ಬಿಡವಾ,” ಎಂದಳು ಮೆಲ್ಲಗೆ. “ನಾ ಹಿಡದೀನಲ್ಲ.”

ಸೆರಗಿನಿಂದ ಕೈ ಹೊರಗೆ ಬಂತು. ಮುಕ್ತಾ ಅದನ್ನು ತನ್ನ ಮುಷ್ಟಿಯೊಳಗೆ ತೆಗೆದುಕೊಂಡು ಪಾಟಿಯ ಮೇಲಿಟ್ಟು, ‘ನೀ’ ಎಂದು ತಿದ್ದಿಸಿದಳು. ತಿರುವು ಬಂದಲ್ಲೆಲ್ಲ ಮಗಳ ಕೈ ಮೊದಲು ತಿರುಗಿತು, ಅವ್ವನ ಕೈ ಅದರೊಳಗೆ ತಿರುಗಿತು.

‘ಒಳಗೆ ಬನ್ನಿ’ ಎಂದಿತು ಪರದೆ. ಕೋಣೆಗಳೆಲ್ಲ ತೆರೆದವು. ಗಟ್ಟಿಯಾದ, ನಗೆ ಬೆರೆತ ಆ ಹಳೆಯ ದನಿ ಮನೆಯನ್ನು ತುಂಬಿತು. ನೀಲಾಂಬಿಕಾ ತಲೆ ಓರೆ ಮಾಡಿ ಕೇಳಿದಳು. ಯಾರ ದನಿಯೆಂದು ಅವಳಿಗೆ ತಿಳಿಯಿತೋ ಇಲ್ಲವೋ. ಬಹಳ ಹೊತ್ತಾದ ಮೇಲೆ, ಕೂಡಿದ ಕೈಗಳನ್ನು ನೋಡುತ್ತ, ಎಲ್ಲಿಂದಲೋ ಹುಡುಕಿ ತಂದಂತೆ ಹೇಳಿದಳು:

“ಬಿಡಬ್ಯಾಡ. ಬಿಟ್ರ ಮುಚ್ಚತೈತಿ.”

“ಗೊತ್ತೈತವಾ,” ಎಂದಳು ಮುಕ್ತಾ. ಅವಳು ಬಿಡಲಿಲ್ಲ.